ಚಿಗರಿಗೆ ಎಷ್ಟು ತೂಕದ ಗುಂಡು

ದೀಪಾವಳಿ ಕಳೆದು ಚಳಿ ಬಿದ್ದಿತ್ತು. ಹಿಂಗಾರಿ ಕಡಲೆ ಹೂವಿಗೆ ಬರುವ ದಿನಗಳು. ಒಂದು ಮುಂಜಾನೆ ಹೊತ್ತು ಮೂಡುವುದರೊಳಗೆ ಬಸಕ್ಕ ಹೊಲಕ್ಕೆ ಬಂದು ನೋಡಿದರೆ, ಬದುವಿನ ಬಾಜುವಿನ ಸಾಲುಗಳೆಲ್ಲ ಬೋಳಾಗಿದ್ದವು. ನಡುಹೊಲದಲ್ಲಿ ಚಿಗರಿ ಜಿಂಕೆಗಳ ಹಿಂಡು ಬೀಗರ ಮನೆಯ ಪಂಕ್ತಿಗೆ ಕೂತವರಂತೆ ಅವಸರವಿಲ್ಲದೆ ಮೇಯುತ್ತಿತ್ತು. ಈ ಸಲದ ರಗಳೆ ಶುರುವಾದದ್ದು ಅವತ್ತಿನಿಂದ.

ಹೊಲ ಇದ್ದದ್ದು ಯಮನೂರಿನ ಹಳ್ಳದ ಆಚೆ, ಕರಿ ಎರಿ ಭೂಮಿ. ಅದು ಬಸಕ್ಕನದಲ್ಲ, ಊರ ಹಿರಿಯಳಾದ ಬಸವಣ್ಣೆವ್ವನದು. ಬಸಕ್ಕ ಮತ್ತು ಅವಳ ಗಂಡ ಈರಬಸಪ್ಪ ಲಗ್ನವಾದ ವರ್ಷದಿಂದ ಅದನ್ನು ಪಾಲಿಗೆ ಮಾಡಿಕೊಂಡು ಬಂದವರು. ಯುಗಾದಿಗೆ ಮುದುಕಿ "ಮಾಡ್ಕೊಂಡ್ ಹೋಗ್ರಿ" ಅಂದರೆ ಆ ವರ್ಷ ಹೊಲ ಇವರದು, ಅಷ್ಟೇ. ಹೋದ ವರ್ಷ ಅರ್ಧ ಬೆಳೆ ಚಿಗರಿಯ ಬಾಯಿಗೆ ಹೋದದ್ದಕ್ಕೆ ಈ ಯುಗಾದಿಗೆ ಅವಳು ಆ ಮಾತಿನ ಜೊತೆಗೆ ಇನ್ನೊಂದನ್ನೂ ಸೇರಿಸಿದಳು. "ಈ ಸಲಾನೂ ಹಿಂಗ ಆದ್ರ ಬ್ಯಾರೇದವ್ರನ್ನ ನೋಡ್ತೀನವಾ" ಅಂದಳು. ಬಸಕ್ಕನಿಗೆ ಬೇರೆ ಹೊಲ ಎಲ್ಲಿತ್ತು?

ಚಿಗರಿಗೆ ಗಾಯ ಮಾಡುವಂತಿಲ್ಲ. ಅರಣ್ಯದವರು ಬರುತ್ತಾರೆ ಅನ್ನುವುದೊಂದು. ಮೇಲಾಗಿ ಆ ಊರಲ್ಲಿ ಯಾರಿಗೂ ಅದರ ಮೇಲೆ ಕೈ ಏಳುವುದಿಲ್ಲ. ಕವಣೆ ಬೀಸಿ, ಮುಂದಿರುವ ಗಂಡು ಚಿಗರಿಯ ಎದುರಿಗೆ ಗುಂಡು ಬಿದ್ದು ಧೂಳೆದ್ದರೆ ಸಾಕು, ಹಿಂಡೇ ತಿರುಗುತ್ತದೆ. ಎರಿಯಲ್ಲಿ ಕಲ್ಲು ಸಿಗುವುದಿಲ್ಲವಾದ್ದರಿಂದ ಅದೇ ಮಣ್ಣು ಕಲಸಿ ಗುಂಡು ಕಟ್ಟಿ ಒಣಗಿಸುವುದು ರೂಢಿ. ಈರಬಸಪ್ಪ ಗುಂಡು ಕಟ್ಟಲು ಕೂತ. ನೆರವಿಗೆಂದು ಬಸಕ್ಕ ಕಲಘಟಗಿಯಿಂದ ಅಣ್ಣ ಮುದಕಪ್ಪನನ್ನು ಕರೆಸಿದಳು. ಅವನು ಭತ್ತದ ಗದ್ದೆಗೆ ಬರುವ ಹಂದಿಗಳನ್ನು ಕವಣೆಯಲ್ಲೇ ಅಟ್ಟುವವನು. ಕರೆಸಿದ್ದೇ ತಪ್ಪಾಯಿತು.

ಬಂದವನು ಹೆಗಲಿನ ಕಂಬಳಿ ಇಳಿಸುವ ಮೊದಲೇ ಒಂದು ಗುಂಡು ಎತ್ತಿಕೊಂಡು, "ಇದೇನಲೇ ಈರಬಸ್ಯಾ, ಗುಂಡೋ, ದವಾಖಾನಿ ಗುಳಿಗಿನೋ?" ಅಂದ.

"ನಿಂಬಿಹಣ್ಣಿನಷ್ಟಿದ್ರ ಸಾಕು ಭಾವಾ. ಹಗುರಿದ್ದಷ್ಟೂ ಭರಕ್ಕನ ಹೋಗತೈತಿ."

"ಭರಕ್ಕನ ಹೋಗಿ ಅರ್ಧ ದಾರ್ಯಾಗ ಗಾಳಿ ಕೂಡ ಮಾತಾಡ್ಕೋತ ನಿಂದ್ರತೈತಿ. ಕೋಳಿ ತತ್ತಿಯಷ್ಟರ ಬೇಕು."

"ತತ್ತಿಯಷ್ಟು ಬೀಸಿದ್ರ ಹೆಗಲು ಕಿತ್ತು ಕೈಯಾಗ ಬರತೈತಿ."

"ಅದು ಹೆಗಲು ಇದ್ದವ್ರ ಮಾತು."

"ಯಾವದರ ಒಂದು ಒಗೀರೋ ಮೊದಲ!" ಬಸಕ್ಕ ಕೂಗಿದಳು. "ಅತ್ತಾಗ ನೋಡ್ರಿ, ತಿಂದು ಮುಗಸಾಕತ್ತಾವು." ಇಬ್ಬರೂ ಅತ್ತ ನೋಡಲಿಲ್ಲ.

ಈರಬಸಪ್ಪ ಉಳ್ಳಾಗಡ್ಡಿ ತೂಗುವ ತಕ್ಕಡಿ ತಂದ. ಇಬ್ಬರೂ ಸಂಜೆತನಕ ಕಟ್ಟಿದರು, ತೂಗಿದರು, ಚಿವುಟಿದರು, ಮತ್ತೆ ಮೆತ್ತಿದರು. ಕೊನೆಗೆ ಇಬ್ಬರ ಮಾತಿಗೂ ನಡುವಿನ ಒಂದು ತೂಕಕ್ಕೆ ಒಪ್ಪಿ, ಗುಂಡುಗಳನ್ನು ಸಾಲಾಗಿ ಒಣಗಲು ಇಟ್ಟು ಮಲಗಿದರು. ಎರಡು ದಿನ ಬಿಸಿಲುಂಡ ಮೇಲೆ ತೂಗಿದರೆ ಎಲ್ಲವೂ ಹಗುರ! ಹಸಿ ಮಣ್ಣಿನ ನೀರು ಆರಿತ್ತು. ಆದರೆ ಮುದಕಪ್ಪ, "ನಾ ಕಣ್ಣು ಮುಚ್ಚಿದಾಗ ಚಿವುಟೀಯಲೇ" ಅಂದ. ಈರಬಸಪ್ಪ, "ನನ್ನ ಮನ್ಯಾಗ ಉಂಡು ನನ್ನs ಕಳ್ಳ ಮಾಡ್ತಿ?" ಅಂದ. ಮತ್ತೆ ಮಣ್ಣು ನೆನೆಯಿತು.

ಬಾಜು ಹೊಲದ ಮರಿಯಮಬಿ ಬದುವಿನ ಮೇಲೆ ನಿಂತು, "ಬಸಕ್ಕಾ, ಅಂಗಡಿ ಇಟ್ರೇನವಾ? ಉಂಡಿ ಹೆಂಗ ಕೊಡಾಕತ್ತೀರಿ?" ಅಂತ ನಕ್ಕಳು. ಬಸಕ್ಕನಿಗೆ ನಗುವೂ ಬರಲಿಲ್ಲ, ಅಳುವೂ ಬರಲಿಲ್ಲ. ಇನ್ನೂ ನಾಕು ಸಾಲು ಬೋಳಾಗಿದ್ದವು.

ಮುದಕಪ್ಪನಿಗೆ ಹಟ ಹತ್ತಿತು. ತನ್ನ ಊರಿಗೆ ಹೋಗಿ, ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿ, ಒಂದು ಚೀಲ ದುಂಡು ಕಲ್ಲು ಹೊತ್ತು ತಂದ. "ಕಲ್ಲು ಆರೂದಿಲ್ಲ, ಸವೆಯೂದಿಲ್ಲ. ಈಗ ನೋಡು ತೂಕ ಅಂದ್ರ ಏನು!"

"ಎರಿಯಾಗ ಕಲ್ಲು ಒಗೀಬ್ಯಾಡಣ್ಣಾ," ಬಸಕ್ಕ ಅಡ್ಡ ನಿಂತಳು. "ರೀ, ನೀವರ ಹೇಳ್ರಿ. ಎರಿಯಾಗ ಹುಟ್ಟಿದವ್ರು ನೀವು."

ಎರಿಯಲ್ಲಿ ಹುಟ್ಟಿದವನು ಆಗಲೇ ಚೀಲದಿಂದ ಸಣ್ಣ ಕಲ್ಲುಗಳನ್ನು ಆರಿಸಿಕೊಳ್ಳುತ್ತಿದ್ದ. ಹಗುರ ಕಲ್ಲೇ ದೂರ ಹೋಗುತ್ತದೆ ಎಂದು ತೋರಿಸದಿದ್ದರೆ ಅವನಿಗೆ ಕೂಳು ಇಳಿಯುತ್ತಿರಲಿಲ್ಲ. "ಆಮ್ಯಾಲ ಆರಿಸಿದ್ರಾತು ಬಿಡು" ಅಂದ. ಇಬ್ಬರೂ ಚೀಲ ಬರಿದಾಗುವ ತನಕ ಬೀಸಿದರು. ಚಿಗರಿಗಳು ಈ ತುದಿಯಿಂದ ಜಿಗಿದು ಆ ತುದಿಗೆ ಹೋಗಿ ಮೇಯ್ದವು.

ಮರುದಿನ ಬಸವಣ್ಣೆವ್ವ ಬೆಳೆ ನೋಡಲು ಬಂದಳು. ಚಪ್ಪಲಿಯನ್ನು ಬದುವಿನಲ್ಲಿ ಬಿಟ್ಟು ಬರಿಗಾಲಲ್ಲಿ ಹೊಲಕ್ಕಿಳಿಯುವುದು ಅವಳ ಪದ್ಧತಿ. ಮೂರನೇ ಸಾಲಿಗೇ ಕಾಲಿಗೆ ಕಲ್ಲು ಒತ್ತಿತು. ಬಗ್ಗಿ ಎತ್ತಿದಳು.

"ಇದು ಎಲ್ಲೀದು?"

"ಕಲಘಟಗೀದ್ರೀ ಎವ್ವಾ," ಮುದಕಪ್ಪ ಹೆಮ್ಮೆಯಿಂದ ಅಂದ. "ಅಗದಿ ಬರೋಬರಿ ತೂಕ."

ಬಸಕ್ಕನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮುದುಕಿ ಅವನ ಕಡೆ ನೋಡಲೇ ಇಲ್ಲ. "ಬಸಕ್ಕಾ, ನಮ್ಮತ್ತಿ ಈ ಹೊಲದಾಗ ಒಡದ ಗಡಿಗಿ ಚೂರು ಸೈತ ಬಿಡ್ತಿದ್ದಿಲ್ಲ. ಚಿಗರಿ ತಿಂದ್ರ ಒಂದು ವರ್ಷದ ಬೆಳಿ ಹೋಗತೈತಿ. ಬ್ಯಾಸಗ್ಯಾಗ ಎರಿ ಬಿರುಕು ಬಿಟ್ಟು ಕಲ್ಲು ನುಂಗಿತಂದ್ರ ಮೊಮ್ಮಕ್ಕಳ ಕಾಲಕ್ಕೂ ಹೊಲ ಹರಗೂ ಕುಂಟಿ ಮುರೀತಾವು. ಸೋಮವಾರ ಬರ್ತೀನಿ. ಒಂದ ಕಲ್ಲು ಸಿಕ್ರೂ ಯುಗಾದಿಗೆ ನನ್ನ ಬಾಗಲಿಗೆ ಬರಬ್ಯಾಡ."

ಅವತ್ತಿನಿಂದ ಮೂವರೂ ಮುಂಜಾನೆಯಿಂದ ಕತ್ತಲಾಗುವ ತನಕ ಸಾಲು ಸಾಲು ಕೂತು ಕಲ್ಲು ಆರಿಸಿದರು. ಕಡಲೆಯ ಹುಳಿ ಹತ್ತಿ ಕೈಕಾಲು ಉರಿದವು. ಗಂಡಸರ ಬಾಯಿ ಮಾತ್ರ ನಿಲ್ಲಲಿಲ್ಲ.

"ಇಲ್ಲಿ ಮಟಾ ಬಂದೈತಿ ಅಂದ್ರ ಇದು ನಂದs."

"ನಿಂದು ಅಲ್ಲೇ ನಿನ್ನ ಕಾಲಾಗ ಬಿದ್ದಿತ್ತು, ನೋಡ್ಕೋ."

"ಯಾರದರ ಆಗ್ಲಿ, ಬುಟ್ಯಾಗ ಹಾಕ್ರೋ!" ಅಂದು ಅಂದು ಬಸಕ್ಕನ ಗಂಟಲು ಒಣಗಿತು.

ಒಂದು ಮಾತ್ರ ಅವಳ ಕಣ್ಣಿಗೆ ಬಿತ್ತು. ಹೊಲದಲ್ಲಿ ಹಗಲೆಲ್ಲ ಮನುಷ್ಯರು ಓಡಾಡುವುದು ಕಂಡು ಚಿಗರಿಗಳು ಹಳ್ಳದ ಆಚೆ ದಂಡೆಯಲ್ಲೇ ನಿಂತು ನೋಡಿ, ಬೇರೆ ಕಡೆ ಹೋಗುತ್ತಿದ್ದವು. ಬೋಳಾದ ಸಾಲುಗಳಲ್ಲಿ ಹೊಸ ಚಿಗುರು ಒಡೆದಿತ್ತು. ಅವಳು ಅದನ್ನು ಇವರಿಗೆ ಹೇಳಲಿಲ್ಲ. ಹೇಳಿದರೆ ಅದು ಯಾರ ಕಲ್ಲಿನ ಗುಣ ಅಂತ ಮತ್ತೊಂದು ಶುರುವಾಗುತ್ತಿತ್ತು.

ಸೋಮವಾರ ಬಸವಣ್ಣೆವ್ವ ಬಂದು ಒಂದೊಂದು ಸಾಲೂ ಬರಿಗಾಲಲ್ಲಿ ನಡೆದಳು. ಬಸಕ್ಕ ಅವಳ ಕಾಲನ್ನೇ ನೋಡುತ್ತ ಹಿಂದೆ ನಡೆದಳು. ಕಲ್ಲು ಸಿಗಲಿಲ್ಲ. ಆದರೆ ಮುದುಕಿ ಬದು ಏರುವ ಹೊತ್ತಿಗೆ ಹೊಲದ ಗುಡಿಸಲ ಹಿಂದಿನಿಂದ ತಕ್ಕಡಿಯ ಸಪ್ಪಳ ಬಂತು. ಆರಿಸಿದ ಕಲ್ಲುಗಳನ್ನು ಇಬ್ಬರೂ ತೂಗುತ್ತಿದ್ದರು.

ಬಸವಣ್ಣೆವ್ವ ಕೋಲೂರಿ ನಿಂತಳು. "ಬಸಕ್ಕಾ, ಹೊಲ ನಿನಗ ಇರ್ಲಿ, ಬರೂ ವರ್ಷಾನೂ ಮಾಡು. ಖರೆ, ರಾಶಿ ಆಗೂತನಕ ಆ ಇಬ್ರೂ ಈ ಬದು ದಾಟಬಾರ್ದು."

"ಹೂನ್ರೀ ಎವ್ವಾ," ಬಸಕ್ಕ ಅಂದಳು. ಆ ಮಾತು ಹೇಳುವಾಗ ಎಷ್ಟೋ ದಿನದ ಮೇಲೆ ಅವಳ ಎದೆ ಹಗುರಾಗಿತ್ತು.

ಗುಡಿಸಲ ಹಿಂದೆ ಹೋಗಿ ತಕ್ಕಡಿ ಕಸಿದುಕೊಂಡಳು. "ಅಣ್ಣಾ, ನಿಮ್ಮಲ್ಲಿ ಭತ್ತದ ಕೊಯ್ಲು ಐತೆಲ್ಲ, ನಡಿ ಊರಿಗೆ. ಇವ್ರನ್ನೂ ಕರಕೊಂಡು ಹೋಗು."

"ನಾ ಯಾಕ?" ಈರಬಸಪ್ಪ ಬಾಯಿ ತೆರೆದ. "ಇಲ್ಲಿ ಕಾಯೂರು ಯಾರು?"

"ನಾನದೀನಿ. ಬಾಜೂಕ ಮರಿಯಮಬಿ ಅದಾಳ. ತಿರಗ್ಯಾಡಿದ್ರ ಸಾಕು, ತೂಕ ಬೇಕಿಲ್ಲ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತೂಕ ಬೇಕೇ ಬೇಕು ಅನ್ನುವ ಆ ಒಂದು ವಿಷಯಕ್ಕೆ ಅವರಲ್ಲಿ ಭೇದವಿರಲಿಲ್ಲ. ಬಸಕ್ಕ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ಕೊಟ್ಟಳು. ಕಲ್ಲಿನ ಚೀಲವನ್ನೂ ಅವರ ಹೆಗಲಿಗೇ ಹೊರಿಸಿದಳು. ಮಂಗಳವಾರ ಮುಂಜಾನೆಯ ಹುಬ್ಬಳ್ಳಿ ಬಸ್ಸಿಗೆ ಅಣ್ಣನೂ ಗಂಡನೂ ಹೋದರು.