ಕಡುನೀಲಿ ಕಾರಿಗೆ ಹೊಸ ಕಣ್ಣು

ಪೊರೆ ತೆಗೆದ ಕಣ್ಣಿನ ಪಟ್ಟಿ ಬಿಚ್ಚಿದಾಗ ಕನ್ನಡಕದವರು ಮೊದಲು ನೋಡಿದ್ದು ಹೆಂಡತಿಯ ಮುಖವನ್ನು, ಆಮೇಲೆ ನರ್ಸಮ್ಮನ ಮೂಗಿನ ಮೇಲಿದ್ದ ಮಚ್ಚೆಯನ್ನು, ಅದಾದ ಮೇಲೆ ತಮ್ಮ ಕಾರನ್ನು. ಮೊದಲಿನ ಎರಡೂ ಖುಷಿ ಕೊಟ್ಟವು. ಕಾರನ್ನು ನೋಡಿ ಮಾತ್ರ ಆಸ್ಪತ್ರೆಯ ಮೆಟ್ಟಿಲ ಮೇಲೆಯೇ ನಿಂತುಬಿಟ್ಟರು.

"ಇದು ಯಾರ ಕಾರು?"

"ನಿಮ್ದೇ ಮಾವ," ಎಂದಳು ಬಾಗಿಲು ತೆರೆದು ಹಿಡಿದಿದ್ದ ಸೊಸೆ.

ಅವರು ಹತ್ತಿರ ಹೋಗಿ ಬಗ್ಗಲು ನೋಡಿದರು. ಬಗ್ಗಬಾರದೆಂದು ವೈದ್ಯರು ಹೇಳಿದ್ದನ್ನು ಹೆಂಡತಿ ನೆನಪಿಸಿ ತೋಳು ಹಿಡಿದಳು. ನಿಂತಲ್ಲಿಂದಲೇ ಎಲ್ಲ ಕಾಣುತ್ತಿತ್ತು. ಬಾನೆಟ್ಟಿನ ಮೇಲೆ ಬಿಸಿಲು ಬಿದ್ದ ಜಾಗದಲ್ಲಿ ಜೇಡರ ಬಲೆ ಹರಡಿದಂತೆ ಕೂದಲೆಳೆಯ ಗೀರುಗಳು, ಸುತ್ತಿನೊಳಗೆ ಸುತ್ತು. ಬಾಗಿಲ ಮೇಲೂ ಅಷ್ಟೇ, ಚಾವಣಿಯ ಮೇಲೂ ಅಷ್ಟೇ. ಇಷ್ಟು ದಿನ ರಾತ್ರಿಯ ಆಕಾಶದ ಹಾಗೆ ಹೊಳೆಯುತ್ತಿದೆ ಎಂದುಕೊಂಡಿದ್ದ ಕಡುನೀಲಿ ಬಣ್ಣ ಒಗೆದೊಗೆದು ಸವೆದ ಅಂಗಿಯ ಬಣ್ಣಕ್ಕಿಳಿದಿತ್ತು.

ದಾರಿಯುದ್ದಕ್ಕೂ ಅವರು ಗಾಜಿನಾಚೆಯ ಬಾನೆಟ್ಟನ್ನೇ ನೋಡುತ್ತಾ ಕೂತಿದ್ದರು.

ಅವರ ಬದುಕೆಲ್ಲ ಕನ್ನಡಕದಂಗಡಿಯಲ್ಲೇ ಕಳೆದಿತ್ತು. ಅಂಗಡಿ ಬೇರೆಯವರಿಗೆ ಕೊಟ್ಟ ಮೇಲೂ ಬೀದಿಯವರ ಬಾಯಲ್ಲಿ ಅವರು ಕನ್ನಡಕದವರೇ. ಊರವರ ಕಣ್ಣಿಗೆಲ್ಲ ಗಾಜು ಕೂರಿಸಿದವರು ತಮ್ಮ ಕಣ್ಣಿಗೆ ಬಂದ ಪೊರೆಯನ್ನು ಮಾತ್ರ ನಾಳೆ ನಾಡಿದ್ದು ಎನ್ನುತ್ತಾ ಮುಂದೂಡಿಕೊಂಡೇ ಬಂದಿದ್ದರು. ಯಾರಾದರೂ ಕೇಳಿದರೆ, "ಕಣ್ಣಿನ ವಿಷಯ ನನಗೇ ಹೇಳ್ತೀರಾ?" ಎಂದು ಬಾಯಿ ಮುಚ್ಚಿಸುತ್ತಿದ್ದರು.

ಇನ್ನು ಕಾರು. ಅದನ್ನು ಅವರು ರೆಪ್ಪೆಯಲ್ಲಿಟ್ಟು ಕಾದಿದ್ದರು. ದಿನಾ ಬೆಳಿಗ್ಗೆ ಹಳದಿ ಬಟ್ಟೆಯಲ್ಲಿ ಒರೆಸುವುದು ಅವರೇ. ಬೇರೆ ಯಾರೂ ಕೈ ಹಚ್ಚುವಂತಿರಲಿಲ್ಲ. ಹೆಂಡತಿ ಅದರ ಬಾಗಿಲನ್ನು ಮಲಗಿದ ಮಗುವಿಗೆ ಹೊದಿಕೆ ಹೊದಿಸುವಷ್ಟು ಮೆತ್ತಗೆ ಹಾಕಬೇಕಿತ್ತು. ಒಮ್ಮೆ ಆಕೆ ತರಕಾರಿ ಚೀಲವನ್ನು ಬಾನೆಟ್ಟಿನ ಮೇಲಿಟ್ಟು ಕೀಲಿಕೈ ಹುಡುಕಿದಳೆಂದು ಆ ಸಂಜೆಯೆಲ್ಲ ಇವರು ಮುಖ ಊದಿಸಿಕೊಂಡು ಕೂತಿದ್ದರು. ಆಸ್ಪತ್ರೆಗೆ ಹೋಗಬೇಕಾಗಿ ಬಂದದ್ದರಿಂದ, ಅದೂ ಮಗ ರೈಲು ಓಡಿಸುವ ಕೆಲಸದ ಮೇಲೆ ದೂರ ಹೋಗಿದ್ದರಿಂದ, ಕಾರು ಸೊಸೆಯ ಕೈಗೆ ಹೋಗಿತ್ತು.

ಮನೆಗೆ ಬಂದು ಕಾಫಿ ಲೋಟ ಕೈಯಲ್ಲಿ ಹಿಡಿದು ಕೂತ ಮೇಲೆ ಅವರು ಕೇಳಿದರು. "ಯಾರು ಮಾಡಿದ್ದು ಇದನ್ನ?"

ಅತ್ತೆ ಸೊಸೆ ಮುಖ ಮುಖ ನೋಡಿಕೊಂಡರು. ಸೊಸೆ ಮಾತನ್ನು ಅರೆದು ನುಣ್ಣಗೆ ಮಾಡಿ ಹೇಳುವವಳಲ್ಲ. ಆದರೂ ಅಂದು ಸ್ವಲ್ಪ ತಡೆದಳು.

"ಬೈಯಬಾರದು ಮಾವ. ಧೂಳು ಕೂತಿರೋವಾಗ ಒಣಬಟ್ಟೇಲಿ ಒರೆಸಿದ್ರೆ ಹಿಂಗಾಗುತ್ತೆ. ಆ ಧೂಳೇ ಮರಳುಕಾಗದದ ಕೆಲಸ ಮಾಡುತ್ತೆ."

ಕನ್ನಡಕದವರ ಲೋಟ ತುಟಿಯ ಹತ್ತಿರವೇ ನಿಂತಿತು. ಅಂಗಡಿಗೆ ಬಂದ ಪ್ರತಿಯೊಬ್ಬರಿಗೂ ಅವರು ಹೇಳಿ ಕಳಿಸುತ್ತಿದ್ದ ಮಾತೇ ಅದು: ಗಾಜನ್ನು ಒಣಗಿದ್ದಾಗ ಉಜ್ಜಬೇಡಿ, ಮೊದಲು ನೀರು ಬಿಡಿ. ಪೊರೆ ದಪ್ಪವಾದಂತೆಲ್ಲ ಕಾರಿನ ಹೊಳಪು ಕಡಿಮೆಯಾಗಿದೆ ಎನಿಸಿ ಅವರು ಇನ್ನಷ್ಟು ಒತ್ತಿ ಒತ್ತಿ ಒರೆಸಿದ್ದರು. ಮಂಜಾಗಿದ್ದದ್ದು ಕಣ್ಣು, ಉಜ್ಜಿಸಿಕೊಂಡದ್ದು ಕಾರು.

"ನನ್ನ ಕೈಯಾರೆ ಮಾಡ್ಕೊಂಡೆ ಅನ್ನು," ಎಂದು ಎದ್ದು ಒಳಗೆ ಹೋದರು.

ಆಮೇಲೆ ಅವರು ಕಾರಿನ ಕಡೆ ತಿರುಗಿಯೂ ನೋಡದೆ ಹೋದದ್ದು ಹೆಂಡತಿಗೆ ಹಿಂಸೆಯಾಯಿತು. ಬೈದಿದ್ದರೆ ಆಕೆಗೆ ಅಭ್ಯಾಸವಿತ್ತು, ಈ ಮೌನ ಹೊಸದು. "ಯಾವುದಾದ್ರೂ ಅಂಗಡಿಗೆ ಬಿಟ್ಟು ಸರಿ ಮಾಡಿಸೋಣ," ಎಂದಳು. ರಾತ್ರಿಯೆಲ್ಲ ಕಾರನ್ನು ಕಂಡವರ ಕೈಯಲ್ಲಿ ಬಿಟ್ಟು ಬರುವುದಕ್ಕೆ ಅವರು ಸುತರಾಂ ಒಪ್ಪಲಿಲ್ಲ.

"ಹಾಗಿದ್ರೆ ನಾವೇ ಮಾಡ್ತೀವಿ," ಎಂದಳು ಸೊಸೆ. "ತೊಳೆದು, ಪಾಲಿಶ್ ಹೊಡೆದು, ಮೇಲೆ ಸೆರಾಮಿಕ್ ಕೋಟಿಂಗ್ ಹಚ್ಚೋಣ, ಗಾಜಿನಂಥ ತೆಳು ಪದರ. ಒಂದ್ಸಲ ಗಟ್ಟಿಯಾದ್ರೆ ಕೊಳೆ ಅಂಟಲ್ಲ, ನೀರು ನಿಲ್ಲಲ್ಲ. ಮನೇಲೇ ಮಾಡ್ಕೊಳ್ಳೋರು ಬೇಕಾದಷ್ಟು ಜನ ಇದ್ದಾರೆ."

ಸೊಸೆ ಕೇಕಿನ ಅಂಗಡಿಯಲ್ಲಿ ಅಲಂಕಾರದ ಕೆಲಸ ಮಾಡುತ್ತಿದ್ದಳು. ಮದುವೆಯ ಮೂರಂತಸ್ತಿನ ಕೇಕುಗಳಿಗೆ ಒಂದು ಗೆರೆ ಬೀಳದ ಹಾಗೆ ಕ್ರೀಮು ಬಳಿಯುವುದು ಅವಳ ಹೊಟ್ಟೆಪಾಡು.

"ಕೇಕಿಗೆ ಕ್ರೀಮ್ ಬಳಿದ ಹಾಗಲ್ಲಮ್ಮ ಇದು."

"ಅಲ್ಲ ಮಾವ. ಕೇಕ್ ಕೆಟ್ರೆ ತಿಂದುಬಿಡಬಹುದು. ಇದು ಕೆಟ್ರೆ ನೀವು ನಮ್ಮನ್ನ ತಿಂದುಬಿಡ್ತೀರಿ. ಅದಕ್ಕೇ ಹುಷಾರಾಗಿ ಮಾಡ್ತೀವಿ."

ಹೆಂಡತಿ ಸೆರಗಿನ ಮರೆಯಲ್ಲಿ ನಕ್ಕಳು. ಕನ್ನಡಕದವರಿಗೂ ನಗು ಬಂತು, ತಡೆದುಕೊಂಡರು. "ಏನಾದ್ರೂ ಮಾಡ್ಕೊಳ್ಳಿ," ಎಂದರು. ಅವರ ಭಾಷೆಯಲ್ಲಿ ಅದು ಒಪ್ಪಿಗೆ.

ವೈದ್ಯರು ಬೇಡವೆಂದದ್ದನ್ನೆಲ್ಲ ಒಟ್ಟು ಸೇರಿಸಿದರೆ ಸರಿಯಾಗಿ ಕಾರು ತೊಳೆಯುವ ಕೆಲಸವೇ ಆಗುತ್ತಿತ್ತು: ಬಗ್ಗಬಾರದು, ಭಾರ ಎತ್ತಬಾರದು, ಕಣ್ಣಿಗೆ ನೀರು ಧೂಳು ಸೋಕಬಾರದು. ಹಾಗಾಗಿ ಸೊಸೆಯ ಎರಡು ದಿನದ ರಜೆಯಲ್ಲಿ ಅತ್ತೆ ಸೊಸೆ ಅಂಗಳಕ್ಕಿಳಿದಾಗ ಕನ್ನಡಕದವರು ಕಿಟಕಿಯ ಗಾಜಿನ ಹಿಂದೆ ಕುರ್ಚಿ ಹಾಕಿಕೊಂಡು ಕೂರಬೇಕಾಯಿತು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದು ಅವರಿಗೆ ಹೊಸದಲ್ಲ, ಈಗ ಎಣ್ಣೆಯ ಬದಲು ಆಸ್ಪತ್ರೆಯ ಹನಿ.

ಒಂದು ಬಕೆಟ್ಟಿನಲ್ಲಿ ಸೋಪಿನ ನೀರು, ಇನ್ನೊಂದರಲ್ಲಿ ಬರಿಯ ನೀರು. ಒರೆಸಿದ ಬಟ್ಟೆಯನ್ನು ಪ್ರತಿಸಲ ಬರಿಯ ನೀರಿನಲ್ಲಿ ಜಾಲಿಸಿಯೇ ಮತ್ತೆ ಸೋಪಿಗೆ ಅದ್ದುವುದು. ತೊಳೆದಾದ ಮೇಲೆ ಸೊಸೆ ಹಿಟ್ಟಿನ ಮುದ್ದೆಯಂಥದ್ದೊಂದನ್ನು ಅತ್ತೆಯ ಕೈಗೆ ಕೊಟ್ಟಳು. ನೀರು ಸಿಂಪಡಿಸಿ ಅದನ್ನು ಬಣ್ಣದ ಮೇಲೆ ಜಾರಿಸಿದರೆ, ತೊಳೆದರೂ ಹೋಗದೆ ಕಚ್ಚಿಕೊಂಡ ಕೊಳೆಯೆಲ್ಲ ಮುದ್ದೆಗೆ ಅಂಟಿ ಬರುತ್ತದೆ. ಹೆಂಡತಿ ಬಾನೆಟ್ಟಿನ ಮೇಲೆ ಅದನ್ನು ಜಾರಿಸಿದಳು, ಬರಿಗೈ ಆಡಿಸಿದಳು, ಮತ್ತೆ ಜಾರಿಸಿದಳು. ಆಮೇಲೆ ಕಿಟಕಿಯ ಬಳಿ ಬಂದು ಗಾಜಿನ ಮೇಲೆ ಅಂಗೈ ಎಳೆದು ತೋರಿಸಿದಳು.

"ಹಿಂಗಾಗಿದೆ ರೀ. ಈ ಗಾಜಿನ ಹಾಗೆ."

ಅಷ್ಟು ವರ್ಷಗಳಲ್ಲಿ ಆಕೆ ಆ ಕಾರನ್ನು ಅಂಗೈಯಿಂದ ಸವರಿದ್ದು ಅದೇ ಮೊದಲು ಎಂಬುದು ಕನ್ನಡಕದವರಿಗೆ ಆಗ ಹೊಳೆಯಿತು. ಆಕೆಯ ಮುಖದಲ್ಲಿದ್ದ ಸಂತೋಷವನ್ನು ನೋಡಿ ಅವರಿಗೆ ನಾಚಿಕೆಯಾಯಿತು.

ಪಾಲಿಶ್ ಮಷಿನ್ನನ್ನು ಬಣ್ಣದಂಗಡಿಯಿಂದ ಬಾಡಿಗೆಗೆ ತಂದಿದ್ದರು. ಅದರ ತಿರುಗುವ ಪ್ಯಾಡನ್ನು ಕಾರಿಗೆ ತಾಗಿಸಿಯೇ ಸ್ವಿಚ್ಚು ಒತ್ತಬೇಕು. ಸೊಸೆ ಮೊದಲು ಸ್ವಿಚ್ಚು ಒತ್ತಿದಳು. ಪಾಲಿಶ್ ಮದ್ದು ಗಿರ್ರನೆ ಹಾರಿ ಅತ್ತೆಯ ಕೆನ್ನೆ, ಕಿವಿ, ಹಣೆಗೆಲ್ಲ ಚುಕ್ಕೆಯಿಟ್ಟಿತು. ಕಿಟಕಿಯ ಹಿಂದೆ ಕನ್ನಡಕದವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ನಗಬೇಡಿ, ಕಣ್ಣಿಗೆ ಒತ್ತಡ ಬೀಳುತ್ತೆ," ಎಂದು ಹೆಂಡತಿ ಗದರಿದಳು, ಮುಖ ಒರೆಸಿಕೊಳ್ಳದೆಯೇ.

ಡಿಕ್ಕಿಯ ಮೂಲೆಯಲ್ಲಿ ಕೈ ಪಳಗಿಸಿಕೊಂಡು ಸೊಸೆ ಸ್ವಲ್ಪ ಸ್ವಲ್ಪವೇ ಮುಂದೆ ಸರಿದಳು. ಮಷಿನ್ನು ಹೋದ ಜಾಗದಲ್ಲಿ ಜೇಡರ ಬಲೆ ಕರಗಿ ಅಡಿಯಿಂದ ನೀಲಿ ಎದ್ದು ಬರುತ್ತಿತ್ತು. ಸಂಜೆಯ ಹೊತ್ತಿಗೆ ಅವಳ ತೋಳು ಎತ್ತಲಾಗದಷ್ಟು ಸೋತಿತ್ತು, ಅತ್ತೆ ಬಿಸಿನೀರಿನ ಬಟ್ಟೆ ಹಿಂಡಿ ಶಾಖ ಕೊಟ್ಟಳು. ಒಂದೇ ಅಡುಗೆಮನೆಯಲ್ಲಿ ಅಳೆದು ತೂಗಿ ಮಾತಾಡುತ್ತಿದ್ದ ಇಬ್ಬರೂ ಅಂದು ಊಟದ ಹೊತ್ತಿನಲ್ಲಿ ಒಬ್ಬರ ಮಾತನ್ನೊಬ್ಬರು ಕಸಿದುಕೊಂಡು ಹರಟಿದರು. ಹರಟೆಯ ತುಂಬ ಕಾರು.

ಮಾರನೆಯ ದಿನ ಕೋಟಿಂಗು. ಬಿಸಿಲು ತಾಗಬಾರದೆಂದು ಕಾರನ್ನು ಶೆಡ್ಡಿನೊಳಗೆ ನಿಲ್ಲಿಸಿದರು, ಗಾಳಿಯಾಡಲೆಂದು ಬಾಗಿಲು ತೆರೆದಿಟ್ಟರು. ಪಾಲಿಶಿನ ಜಿಡ್ಡು ಉಳಿಯದಂತೆ ಮೈಯೆಲ್ಲ ಸ್ಪಿರಿಟ್ಟಿನಲ್ಲಿ ಒರೆಸಿದರು. ಇಂದು ಧೂಳಿಲ್ಲ, ನೀರಿಲ್ಲ. ಹಾಗಾಗಿ ಆಸ್ಪತ್ರೆಯವರು ಕೊಟ್ಟ ಕಣ್ಣಿನ ರಕ್ಷಣೆಯ ಕನ್ನಡಕ ಹಾಕಿಕೊಂಡು ಬಾಗಿಲ ಬಳಿ ನಿಂತು ಟಾರ್ಚು ಹಿಡಿಯುವ ಕೆಲಸ ಯಜಮಾನರಿಗೆ ಸಿಕ್ಕಿತು.

ಹೆಬ್ಬೆರಳಿನಷ್ಟು ಚಿಕ್ಕ ಬಾಟಲಿ. "ಇಷ್ಟೇನಾ?" ಎಂದರು ಅವರು.

"ಇಷ್ಟೇ ಮಾವ. ನಾನು ಹಚ್ತೀನಿ, ಅತ್ತೆ ಒರೆಸ್ತಾರೆ. ಹಚ್ಚಿದ ಮೇಲೆ ನೀರಿನ ಮೇಲಿನ ಎಣ್ಣೆ ಥರ ಬಣ್ಣ ಆಡುತ್ತೆ. ಆಗ ಒರೆಸಬೇಕು. ಬೇಗ ಒರೆಸಿದ್ರೆ ಹಿಡಿಯಲ್ಲ, ತಡ ಮಾಡಿದ್ರೆ ಕಲೆಯಾಗಿ ಕಲ್ಲಾಗುತ್ತೆ."

ಬಟ್ಟೆ ಸುತ್ತಿದ ಸ್ಪಂಜಿನ ಮೇಲೆ ಕೆಲವು ಹನಿ ಬಿಟ್ಟು ಅವಳು ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ ಬಳಿದಳು. ಅತ್ತೆ ಬಾಗಿ ನೋಡುತ್ತಾ ನಿಂತಳು, ಹಾಲು ಉಕ್ಕುವುದನ್ನು ಕಾಯುವವಳ ಹಾಗೆ. ಬಣ್ಣ ಆಡಿತು. ಆಕೆ ಒಂದು ಬಟ್ಟೆಯಿಂದ ಹಗುರವಾಗಿ ಎಳೆದಳು, ಇನ್ನೊಂದರಿಂದ ನಯ ಮಾಡಿದಳು. ಬಾನೆಟ್ಟಾಯಿತು, ಬಾಗಿಲುಗಳಾದವು. ಚಾವಣಿ ಬಳಿಯುವಾಗ ಸೊಸೆಯ ಜೇಬಿನಲ್ಲಿ ಫೋನು ಹೊಡೆದುಕೊಂಡಿತು, ಮಗನದು. ಯಾರೂ ಎತ್ತಲಿಲ್ಲ. ಆದರೂ ಅತ್ತೆಯ ಗಮನ ಒಂದು ಗಳಿಗೆ ಅತ್ತ ಹೋಯಿತು.

ಕೊನೆಗೆ ಬಂಪರೂ ಮುಗಿದು ಇಬ್ಬರೂ ಕೈಗವಸು ಕಳಚಿ, ಸೊಂಟ ನೆಟ್ಟಗೆ ಮಾಡಿಕೊಂಡರು. ಕನ್ನಡಕದವರು ಟಾರ್ಚನ್ನು ಓರೆ ಹಿಡಿದು ಕಾರಿನ ಸುತ್ತ ಒಂದು ಸುತ್ತು ಬಂದರು. ಚಾವಣಿಯ ಆಚೆ ಅಂಚಿನಲ್ಲಿ ಅವರ ಕಣ್ಣು ನಿಂತಿತು. ಅಂಗೈಯಷ್ಟು ಜಾಗದಲ್ಲಿ ಕಾಮನಬಿಲ್ಲಿನ ಛಾಯೆ.

"ಅಲ್ಲೇನೋ ಇದೆ," ಎಂದರು.

ಸೊಸೆ ನೋಡಿದಳು. ಅತ್ತೆ ನೋಡಿದಳು. "ಏನೂ ಕಾಣ್ತಿಲ್ವಲ್ಲ ರೀ."

ಆಪರೇಷನ್ ಆದ ಹೊಸದರಲ್ಲಿ ದೀಪದ ಸುತ್ತ ಬಣ್ಣದ ಬಳೆ ಕಾಣಬಹುದೆಂದು ವೈದ್ಯರು ಹೇಳಿದ್ದರು. ಇದು ಕಾರಿನ ಮೇಲಿದೆಯೋ, ತಮ್ಮ ಕಣ್ಣಿನೊಳಗಿದೆಯೋ? ಸುಮ್ಮನಿದ್ದರೆ, ಕಲೆ ನಿಜವಾಗಿದ್ದ ಪಕ್ಷದಲ್ಲಿ ಬೆಳಗಾಗುವುದರೊಳಗೆ ಕಲ್ಲಾಗಿ ಮತ್ತೆ ಮಷಿನ್ನೇ ಹಿಡಿಯಬೇಕು. ಹೇಳಿದರೆ, ಏನೂ ಇಲ್ಲದ ಕಡೆ ಸುಸ್ತಾದ ಇಬ್ಬರು ಹೆಂಗಸರನ್ನು ಉಜ್ಜಲು ಹಚ್ಚಿದಂತೆ. ಮೊದಲಿನ ಕನ್ನಡಕದವರಾಗಿದ್ದರೆ ಇಷ್ಟು ಹೊತ್ತಿಗೆ ಜೋರು ಮಾಡಿ ಮುಗಿಸಿರುತ್ತಿದ್ದರು. ತಮ್ಮ ಕಣ್ಣನ್ನೇ ನಂಬಿ ಕೆಟ್ಟದ್ದು ಅವರಿಗೆ ಇನ್ನೂ ಹಸಿಯಾಗಿತ್ತು.

"ಒಂದು ನಿಮಿಷ ತಾಳಿ," ಎಂದರು.

ತಲೆಯನ್ನು ನಿಧಾನವಾಗಿ ಎಡಕ್ಕೆ ವಾಲಿಸಿದರು. ಕಲೆ ಅಲ್ಲೇ ಇತ್ತು. ಬಲಕ್ಕೆ ವಾಲಿಸಿದರು. ಅಲ್ಲೇ ಇತ್ತು. ಟಾರ್ಚನ್ನು ಈ ಕೈಯಿಂದ ಆ ಕೈಗೆ ಬದಲಿಸಿದರು. ಬೆಳಕು ಜಾಗ ಬದಲಿಸಿತು, ಕಲೆ ಬದಲಿಸಲಿಲ್ಲ. ಕಣ್ಣಿನ ಬಳೆಯಾಗಿದ್ದರೆ ದೀಪದ ಹಿಂದೆಯೇ ಓಡಬೇಕಿತ್ತು.

"ನನ್ನ ಕಣ್ಣಲ್ಲಿಲ್ಲ. ಚಾವಣಿ ಮೇಲೇ ಇದೆ," ಎಂದರು, ಮೆಲ್ಲಗೆ, ಆದರೆ ಖಚಿತವಾಗಿ. "ನೋಡೇ, ನೀನೇ ಸ್ಟೂಲ್ ಹತ್ತು. ನಿನ್ನ ಬೆರಳಿಗೆ ಗೊತ್ತಾಗುತ್ತೆ."

ಹೆಂಡತಿ ಹೊಸ ಕೈಗವಸು ಹಾಕಿಕೊಂಡು ಸ್ಟೂಲ್ ಹತ್ತಿದಳು. "ಇಲ್ಲೇನಾ?"

"ಇನ್ನೊಂದು ಗೇಣು ಆಚೆ. ಅಂಚಿನ ಕಡೆ. ಹಾಂ, ಅಲ್ಲೇ."

ಬೆರಳ ತುದಿ ಮುಟ್ಟಿಸಿ ಆಕೆ ಗಂಡನ ಕಡೆ ತಿರುಗಿದಳು. "ಅಂಟುತ್ತೆ ರೀ. ಸುತ್ತಲೂ ಜಾರುತ್ತೆ, ಇಲ್ಲಿ ಮಾತ್ರ ತಡೆಯುತ್ತೆ."

ಸೊಸೆ ಆಗಲೇ ಬಾಟಲಿ ಬೆಳಕಿಗೆ ಹಿಡಿದು ನೋಡುತ್ತಿದ್ದಳು. ತಳದಲ್ಲಿ ಒಂದಿಷ್ಟು ಉಳಿದಿತ್ತು. "ಹೊಸದನ್ನ ಅದರ ಮೇಲೆ ಬಳಿದ್ರೆ ಹಳೇದು ಮೆತ್ತಗಾಗುತ್ತೆ ಅತ್ತೆ. ನೀವು ತಕ್ಷಣ ಎಳೆದುಬಿಡಿ."

ಅವಳು ಬಳಿದಳು. ಅತ್ತೆ ಎಳೆದಳು. ಕನ್ನಡಕದವರು ಟಾರ್ಚನ್ನು ಅತ್ತಿತ್ತ ಆಡಿಸಿ ನೋಡಿದರು, ಮತ್ತೊಮ್ಮೆ ನೋಡಿದರು. ಅಂಚಿನವರೆಗೂ ನೀಲಿ ಒಂದೇ ಸಮನೆ ಹರಿದಿತ್ತು.

"ಹೋಯ್ತು," ಎಂದರು. ಟಾರ್ಚು ಆರಿಸಿದರು.

"ನಿಮ್ಮ ಕಣ್ಣಿಲ್ದಿದ್ರೆ ಕೆಟ್ಟೇ ಹೋಗ್ತಿತ್ತು ಮಾವ," ಎಂದಳು ಸೊಸೆ.

"ನನ್ನ ಕಣ್ಣಿದ್ರೇನು ಬಂತು, ಕೈ ನಿಮ್ಮದು," ಎಂದರು ಅವರು. ಅವರ ಬಾಯಿಂದ ಅಂಥ ಮಾತು ಹೊರಬಿದ್ದದ್ದಕ್ಕೆ ಹೆಂಡತಿ ಸ್ಟೂಲಿನ ಮೇಲೆಯೇ ಸೆರಗಿನಿಂದ ಮೂಗು ಒರೆಸಿಕೊಂಡಳು, ಸ್ಪಿರಿಟ್ಟಿನ ವಾಸನೆಗೆ ಎಂದಳು.

ಬೆಳಿಗ್ಗೆ ಅವರು ಶೆಡ್ಡಿನ ಬಾಗಿಲು ತೆಗೆದಾಗ ಕಾರಿನ ಪಕ್ಕೆಯಲ್ಲಿ ತೆರೆದ ಬಾಗಿಲು, ಅದರಾಚೆಯ ಬೀದಿ, ಎದುರುಮನೆಯ ತಂತಿಯ ಮೇಲೆ ಒಣಗುತ್ತಿದ್ದ ಬಟ್ಟೆಗಳು, ಎಲ್ಲವೂ ಅಚ್ಚೊತ್ತಿದಂತೆ ಕಾಣುತ್ತಿದ್ದವು. ಎದುರುಮನೆಯವರು ಹಲ್ಲುಜ್ಜುತ್ತಾ ಬಂದು ಗೇಟಿನ ಬಳಿ ನಿಂತರು. "ಹೊಸ ಕಾರು ಯಾವಾಗ ತಗೊಂಡ್ರಿ?" ಎಂದು ಕೇಳಿದರು. ಕನ್ನಡಕದವರು ಉತ್ತರ ಕೊಡುವ ಮೊದಲು ಅಡುಗೆಮನೆಯ ಕಡೆ ತಿರುಗಿ, "ಏನೋ ಕೇಳ್ತಿದ್ದಾರೆ, ಇಬ್ಬರೂ ಬಂದು ನೀವೇ ಹೇಳಿ," ಎಂದು ಕೂಗಿದರು.

ಮಳೆ ಬಂದದ್ದು ಕೋಟಿಂಗು ಚೆನ್ನಾಗಿ ಗಟ್ಟಿಯಾದ ಮೇಲೆ, ಒಂದು ಮಧ್ಯಾಹ್ನ. ಕಾರು ಅಂಗಳದಲ್ಲಿತ್ತು. ಸೊಸೆ ಒಳಗೆ ನಿಲ್ಲಿಸಲು ಎದ್ದಳು. "ಬೇಡ, ಬಿಡು, ನೆನೆಯಲಿ," ಎಂದರು ಕನ್ನಡಕದವರು. ಕಣ್ಣಿನ ದೆಸೆಯಿಂದ ಅವರು ಹೊರಗೆ ಹೋಗುವಂತಿರಲಿಲ್ಲ. ಹೆಂಡತಿ ಕೊಡೆ ಹಿಡಿದು ಅಂಗಳಕ್ಕಿಳಿದಳು.

"ಬಾನೆಟ್ ಮೇಲೆ ಹೆಂಗಿದೆ?"

"ನಿಲ್ಲೋದೇ ಇಲ್ಲ ರೀ. ಮಣಿ ಮಣಿಯಾಗಿ ಓಡ್ತಿದೆ." ಆಕೆ ತೋರುಬೆರಳಿನಿಂದ ಒಂದು ಹನಿಯನ್ನು ಮೆಲ್ಲಗೆ ತಳ್ಳಿದಳು. ಅದು ಪಕ್ಕದ ಹನಿಯನ್ನು ಸೇರಿಸಿಕೊಂಡು, ಇನ್ನೆರಡನ್ನು ಎಳೆದುಕೊಂಡು, ಸರ್ರನೆ ಜಾರಿ ಬಂಪರಿನಾಚೆ ಹಾರಿತು. ಆಕೆ ಇನ್ನೊಂದನ್ನು ತಳ್ಳಿದಳು, ಆಮೇಲೆ ಕೊಡೆ ಮಡಚಿ ಬದಿಗಿಟ್ಟು ಎರಡೂ ಕೈಗಳಿಂದ ತಳ್ಳತೊಡಗಿದಳು. ಸೊಸೆಯೂ ಮಳೆಗೆ ಓಡಿದಳು.

ಕಿಟಕಿಯಲ್ಲಿ ನಿಂತ ಕನ್ನಡಕದವರಿಗೆ ಅಷ್ಟು ದೂರದಿಂದ ಒಂದೊಂದು ಹನಿಯೂ ಬಿಡಿಬಿಡಿಯಾಗಿ ಕಾಣುತ್ತಿತ್ತು. "ಡಿಕ್ಕಿ ಕಡೆ ಬಾರೇ," ಎಂದು ಕೂಗಿದರು. "ಅಲ್ಲಿಂದ ಬಿಟ್ರೆ ಇನ್ನೂ ಜೋರಾಗಿ ಓಡುತ್ತೆ."