ಎರಡು ಹೆಸರಿನ ತಟ್ಟೆಗಳು

ಮನ್ಮಾಡ್ ಸ್ಟೇಷನ್ನಿನ ಹೊರಗೆ ಬಾಡಿಗೆ ಜೀಪಿನ ಪಕ್ಕ ನಿಂತಿದ್ದ ಹರ್ಷಿಣಿಯ ಕಾಲು ಆ ಭಾನುವಾರ ಬೆಳಿಗ್ಗೆ ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ವರ್ಷಗಟ್ಟಲೆ ಆಗದಿದ್ದ ಕೆಲಸ ಇವತ್ತು ಆಗುವುದರಲ್ಲಿತ್ತು. ನಾಸಿಕ್ ರೋಡಿನಿಂದ ಅವಳ ಅಪ್ಪ ರತ್ನಾಕರ, ಛತ್ರಪತಿ ಸಂಭಾಜಿನಗರದಿಂದ ಬೇಳೆ ವ್ಯಾಪಾರಿ ವಿಶ್ವನಾಥಪ್ಪ, ಇಬ್ಬರೂ ಒಂದೇ ಜೀಪು ಹತ್ತಲು ಒಪ್ಪಿದ್ದರು. ಅವರ ಊರಿಗೆ ಇವರು ಹೋಗುವುದಿಲ್ಲ, ಇವರ ಊರಿಗೆ ಅವರು ಬರುವುದಿಲ್ಲ. ಪ್ರತಿಷ್ಠೆಯ ಪ್ರಶ್ನೆ ನೋಡಿ. ಅದಕ್ಕೇ ನಡುವಿನ ಮನ್ಮಾಡ್.

ಇಬ್ಬರೂ ದಾನಿಗಳು, ಅದೂ ಅಂತಿಂಥ ದಾನಿಗಳಲ್ಲ. ಕರಾವಳಿಯಿಂದ ಬಂದ ರತ್ನಾಕರರ ಹೋಟೆಲಿನ ಇಡ್ಲಿ ತಿನ್ನದೆ ಅಲ್ಲಿನ ನೋಟು ಅಚ್ಚು ಹಾಕುವ ಪ್ರೆಸ್ಸಿನ ಕೆಲಸಗಾರರಿಗೆ ದಿನ ಶುರುವಾಗುವುದಿಲ್ಲ. ಹೋಟೆಲಿನ ಲಾಭದ ಒಂದು ಪಾಲು ಅವರ ತಾಯಿಯ ಹೆಸರಿನ ಟ್ರಸ್ಟಿಗೆ ಹೋಗುತ್ತದೆ. ವಿಶ್ವನಾಥಪ್ಪ ಬೀದರಿನ ಕಡೆಯಿಂದ ಬಂದು ಸಂಭಾಜಿನಗರದ ಧಾನ್ಯದ ಪೇಟೆಯಲ್ಲಿ ಅಂಗಡಿ ಇಟ್ಟವರು. ಅವರದು ತೀರಿಹೋದ ಅಣ್ಣನ ಹೆಸರಿನ ಟ್ರಸ್ಟು. ಇಬ್ಬರದೂ ಧಾರಾಳ ಕೈ. ಆದರೆ ಇಬ್ಬರಿಗೂ ಒಂದೇ ಚಾಳಿ: ಕೊಟ್ಟದ್ದರ ಮೇಲೆ ಹೆಸರು ಬರೆಸಲು ಜಾಗ ಬೇಕು. ಫ್ಯಾನು ಕೊಟ್ಟರೆ ರೆಕ್ಕೆಯ ಮೇಲೆ, ಬೆಂಚು ಕೊಟ್ಟರೆ ಬೆನ್ನಿನ ಮೇಲೆ.

ಹರ್ಷಿಣಿ ನಡೆಸುವುದು ಗೋದಾವರಿ ದಾನಿಗಳ ಒಕ್ಕೂಟ. ಅದು ತಾನಾಗಿ ಯಾರಿಗೂ ಹಣ ಕೊಡುವುದಿಲ್ಲ. ಈ ಭಾಗದ ಟ್ರಸ್ಟುಗಳನ್ನು ಒಂದೆಡೆ ಕೂರಿಸುವುದು, ಎಲ್ಲಿ ಏನು ಬೇಕಾಗಿದೆ ಎಂದು ನೋಡಿ ಬಂದು ಹೇಳುವುದು, ಒಬ್ಬರಿಂದ ಆಗದ್ದನ್ನು ಇಬ್ಬರು ಮೂವರು ಸೇರಿ ಮಾಡುವ ಹಾಗೆ ನೋಡಿಕೊಳ್ಳುವುದು ಅದರ ಕೆಲಸ. ಕೊಡುವವನಿಗೆ ಕೊಡ್ಲಿಕ್ಕೆ ಕಲಿಸುವ ಆಫೀಸು ಎಂದು ಅಪ್ಪ ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಗಿರಾಕಿಗಳೆದುರೇ ಗೇಲಿ ಮಾಡುತ್ತಿದ್ದರು. ಅವಳು ನಗುತ್ತಿದ್ದಳು, ಆದರೆ ಆ ಮಾತು ಒಳಗೆ ಚುಚ್ಚುತ್ತಿತ್ತು.

ಇವತ್ತು ಪಣಕ್ಕಿದ್ದದ್ದು ಪ್ರಿಯಾ ಎಂಬ ಟೀಚರು. ಸಂಭಾಜಿನಗರ ಜಿಲ್ಲೆಯಲ್ಲಿ ಕನ್ನಡ ಎಂಬ ತಾಲೂಕು ಊರಿದೆ. ಕಬ್ಬು ಕಡಿಯಲು ಊರೂರು ಅಲೆಯುವವರ ಹೆಣ್ಣುಮಕ್ಕಳು ಅಲ್ಲಿನ ಹಾಸ್ಟೆಲಿನಲ್ಲಿದ್ದು ಓದುತ್ತಾರೆ. ಗಣಿತದಲ್ಲಿ ನಪಾಸಾಗಿ ಅಪ್ಪ ಅಮ್ಮನ ಹಿಂದೆ ಕಬ್ಬಿನ ಗದ್ದೆಗೆ ಹೋಗುತ್ತಿದ್ದ ಹುಡುಗಿಯರು ಪ್ರಿಯಾ ಬಂದ ಮೇಲೆ ಕಾಲೇಜಿನ ಮೆಟ್ಟಿಲು ಹತ್ತತೊಡಗಿದ್ದರು. ಅವಳ ಸಂಬಳಕ್ಕೆ ಸಿಕ್ಕಿದ್ದ ನೆರವು ಈ ತಿಂಗಳಿಗೆ ಮುಗಿಯುತ್ತಿತ್ತು. ಪುಣೆಯ ಒಂದು ಕೋಚಿಂಗ್ ಕ್ಲಾಸು ಅವಳನ್ನು ಕರೆದು, ಇವತ್ತು ಸಂಜೆಯೊಳಗೆ ಉತ್ತರ ಕೇಳಿತ್ತು. ಹರ್ಷಿಣಿ ಇಬ್ಬರು ಹಿರಿಯರನ್ನೂ ಬೇರೆ ಬೇರೆಯಾಗಿ ಕೇಳಿ ನೋಡಿದ್ದಳು. ಸಂಬಳವೇ, ಅದು ತಿಂಗಳ ಕೊನೆಗೆ ಕರಗಿಹೋಗುತ್ತದೆ, ಹೆಸರು ಬರೆಸುವುದೆಲ್ಲಿ ಎಂದು ಇಬ್ಬರೂ ಮೊದಲೇ ಮಾತಾಡಿಕೊಂಡವರ ಹಾಗೆ ಒಂದೇ ಉತ್ತರ ಕೊಟ್ಟಿದ್ದರು. ಇಬ್ಬರೂ ಒಟ್ಟಿಗೆ ಹೋಗಿ ಹುಡುಗಿಯರನ್ನು ಕಣ್ಣಾರೆ ಕಂಡರೆ ಮನಸ್ಸು ತಿರುಗೀತು ಎಂಬ ಆಸೆಯಿಂದ ಈ ಪ್ರಯಾಣ.

ಇಬ್ಬರ ರೈಲೂ ಬಂದು, ನಮಸ್ಕಾರ ಮುಗಿದು, ಮುಂದಿನ ಸೀಟು ಯಾರಿಗೆ ಎಂಬ ಉಪಚಾರ ನಡೆಯುತ್ತಿದ್ದಾಗ ಹಾಸ್ಟೆಲಿನ ಮೇಲ್ವಿಚಾರಕಿ ಮಲ್ಲಮ್ಮನ ಫೋನು ಬಂತು. ಕಲಬುರಗಿ ಕಡೆಯ ಗಟ್ಟಿಗಿತ್ತಿ ಆಕೆ. ಆ ದನಿ ನಡುಗಿದ್ದನ್ನು ಹರ್ಷಿಣಿ ಕೇಳಿದ್ದು ಅದೇ ಮೊದಲು.

"ಅಕ್ಕಾರ, ಇಬ್ರೂ ಕೂಡೇ ಬರಾಕತ್ತಾರಂತಲ್ರಿ? ನಾ ಯಾರ ಗಂಗಾಳ ತಗೀಲಿ?"

ಹರ್ಷಿಣಿಗೆ ತಲೆಬುಡ ತಿಳಿಯಲಿಲ್ಲ. ಮಲ್ಲಮ್ಮ ಬಿಡಿಸಿ ಹೇಳಿದಳು. ಒಕ್ಕೂಟ ಹುಟ್ಟುವ ಮೊದಲೇ ಇಬ್ಬರೂ, ಒಬ್ಬರಿಗೊಬ್ಬರು ತಿಳಿಯದೆ, ಎಲ್ಲ ಹುಡುಗಿಯರಿಗೂ ಆಗುವಷ್ಟು ಊಟದ ತಟ್ಟೆ ಕೊಟ್ಟಿದ್ದರು. ನಟ್ಟನಡುವೆ ಹೆಸರು ಕೆತ್ತಿಸಿದ ಸ್ಟೀಲಿನ ತಟ್ಟೆಗಳು. ನಾಸಿಕದವರು ಬಂದ ದಿನ ಅವರ ತಟ್ಟೆ ಹೊರಗೆ, ಇನ್ನೊಬ್ಬರದು ಉಗ್ರಾಣದೊಳಗೆ. ಸಂಭಾಜಿನಗರದವರು ಬಂದರೆ ಅದಲುಬದಲು. ಇಷ್ಟು ವರ್ಷ ಯಾರ ಮನಸ್ಸೂ ನೋಯದ ಹಾಗೆ ನಡೆದುಬಂದಿತ್ತು.

ಹರ್ಷಿಣಿ ಫೋನು ಹಿಡಿದು ಜೀಪಿನ ಹಿಂದಕ್ಕೆ ಸರಿದಳು. ಒಬ್ಬರ ತಟ್ಟೆ ಇಟ್ಟರೆ ಇನ್ನೊಬ್ಬರು ಅರ್ಧ ಊಟಕ್ಕೇ ಏಳುತ್ತಾರೆ, ಜೊತೆಗೆ ಪ್ರಿಯಾಳ ಕೆಲಸವೂ ಏಳುತ್ತದೆ. ಎಲೆ ಹಾಕಿ ಊಟಕ್ಕಿಡಲೇ ಎಂದು ಮಲ್ಲಮ್ಮ ಕೇಳಿದಳು. ಅದು ಜಾಣತನದ ದಾರಿಯೇ. ಆದರೆ ಇವತ್ತು ಮುಚ್ಚಿಟ್ಟರೆ ನಾಳೆ ಮೂರನೆಯವರೊಬ್ಬರು ಬಂದು ಮತ್ತೆ ತಟ್ಟೆಯನ್ನೇ ಕೊಡುತ್ತಾರೆ. ಹಾಗಾದರೆ ತಾನು ಒಕ್ಕೂಟ ಕಟ್ಟಿದ್ದು ಯಾತಕ್ಕೆ ಅನಿಸಿತು ಅವಳಿಗೆ.

"ಎರಡೂ ತೆಗೀರಿ ಮಲ್ಲಮ್ಮಕ್ಕಾ," ಎಂದಳು. "ಮಿಕ್ಸ್ ಮಾಡಿ ಇಡಿ."

ದಾರಿಯುದ್ದಕ್ಕೂ ಹಿರಿಯರಿಬ್ಬರೂ ಯಾರ ಊರಿನಲ್ಲಿ ಚಳಿ ಹೆಚ್ಚು ಎಂದು ವಾದ ಮಾಡಿದರು. ಅದರಲ್ಲೂ ಇಬ್ಬರೂ ಪಟ್ಟು ಬಿಡಲಿಲ್ಲ. ಹಿಂದೆ ಕೂತ ಹರ್ಷಿಣಿಗೆ ಹೆದರಿಕೆ ಎಷ್ಟೋ ಹುಮ್ಮಸ್ಸೂ ಅಷ್ಟೇ ಇತ್ತು. ಒಮ್ಮೆ ನಗು ಉಕ್ಕಿ ಬಂದು ಕೆಮ್ಮಿನಂತೆ ನಟಿಸಬೇಕಾಯಿತು.

ಹಾಸ್ಟೆಲಿನಲ್ಲಿ ಹುಡುಗಿಯರು ಸಾಲಾಗಿ ಕೂತಿದ್ದರು. ಪ್ರಿಯಾ ಅಡುಗೆಮನೆಯಲ್ಲೇ ಬಡಿಸಿದ ತಟ್ಟೆಗಳನ್ನು ತಂದು ಎಲ್ಲರ ಮುಂದಿಟ್ಟಳು. ಜೋಳದ ರೊಟ್ಟಿ, ಕಡಲೆಹಿಟ್ಟಿನ ಝುಣಕ, ಹಸಿ ಈರುಳ್ಳಿ. ಹೆಸರುಗಳೆಲ್ಲ ಝುಣಕದ ಅಡಿಯಲ್ಲಿ ಮುಚ್ಚಿಹೋಗಿದ್ದವು. ಅಪ್ಪ ಹೋಟೆಲಿನವರು, ಎಂಜಲು ಬಿಡುವುದು ಅವರಿಗಾಗದು. ವಿಶ್ವನಾಥಪ್ಪ ಕಾಳು ಮಾರುವವರು, ಅಗುಳು ಬಿಡುವುದು ಅವರಿಗೂ ಆಗದು. ಇಬ್ಬರೂ ಕೊನೆಯ ರೊಟ್ಟಿಯ ಚೂರಿನಿಂದ ತಟ್ಟೆಯನ್ನು ಚೊಕ್ಕವಾಗಿ ಬಳಿದರು.

ವಿಶ್ವನಾಥಪ್ಪನವರ ಕೈ ನಿಂತಿತು. "ರತ್ನಾಕರ ಅವರ, ಈ ವಾರಿಜಾಕ್ಷಿ ಅಂದ್ರ ಯಾರ್ರಿ?"

"ನನ್ನಮ್ಮ," ಎಂದರು ರತ್ನಾಕರ, ತಮ್ಮ ತಟ್ಟೆಯಿಂದ ಕಣ್ಣು ಕೀಳದೆ. "ಅವರ ತಟ್ಟೆ ನಿಮ್ಮ ಹತ್ರ ಹೇಗೆ ಬಂತು? ಇಲ್ಲಿ ನೋಡಿದ್ರೆ ಸಂಗಮನಾಥ ಅಂತ ಉಂಟು."

"ಅದು ನಮ್ಮಣ್ಣಂದ್ರಿ."

ಮಲ್ಲಮ್ಮ ಅಡುಗೆಮನೆಯ ಬಾಗಿಲ ಹಿಂದೆ ಸರಿದಳು. ಹರ್ಷಿಣಿ ಎದ್ದು ನಿಂತು ಒಂದೇ ಉಸಿರಿನಲ್ಲಿ ಎಲ್ಲವನ್ನೂ ಹೇಳಿಬಿಟ್ಟಳು: ಒಬ್ಬರು ಬಂದಾಗ ಇನ್ನೊಬ್ಬರ ತಟ್ಟೆ ಒಳಗೆ ಹೋಗುವುದು, ಇವತ್ತು ಬೆರೆಸಿ ಇಡಲು ತಾನೇ ಹೇಳಿದ್ದು. ಅಪ್ಪನ ಮೂಗು ಕೆಂಪಾಯಿತು. ಎಲ್ಲ ಕೆಟ್ಟಿತು ಎಂದುಕೊಂಡಳು.

ಅಷ್ಟರಲ್ಲಿ ವಿಶ್ವನಾಥಪ್ಪನವರ ಹೊಟ್ಟೆ ಕುಲುಕತೊಡಗಿತು. "ಅಂದ್ರ ನಾ ಗೇಟಿಗೆ ಬಂದ ಕೂಡ್ಲೇ ನಿಮ್ಮ ಅವ್ವಾರನ್ನ ಒಳಗ ಹಾಕಿ ಕೀಲಿ ಹಾಕ್ತಿದ್ರನ್ರಿ," ಎನ್ನುತ್ತ ಅವರು ಕಣ್ಣಲ್ಲಿ ನೀರು ಬರುವಂತೆ ನಕ್ಕರು. ರತ್ನಾಕರ ಸ್ವಲ್ಪ ಹೊತ್ತು ಬಿಗಿಹಿಡಿದು ಕೂತಿದ್ದರು, ಆಮೇಲೆ ಅವರಿಗೂ ತಡೆಯಲಾಗಲಿಲ್ಲ. ಕನ್ನಡದ ಮಾತು ಅರ್ಥವಾಗದಿದ್ದರೂ ಮರಾಠಿ ಹುಡುಗಿಯರೆಲ್ಲ ನಕ್ಕರು.

ಕೈ ತೊಳೆಯುವುದನ್ನೂ ಮರೆತು ಇಬ್ಬರೂ ಮಾತಿಗೆ ಬಿದ್ದರು. ತಮ್ಮ ಓದಲಿ ಎಂದು ಸಂಗಮನಾಥ ಶಾಲೆ ಬಿಟ್ಟು ಅಂಗಡಿಯಲ್ಲಿ ಕೂತದ್ದು, ಲೆಕ್ಕವೆಂದರೆ ಪ್ರಾಣ ಬಿಡುತ್ತಿದ್ದ ವಾರಿಜಾಕ್ಷಿಯನ್ನು ಮೂರನೇ ಕ್ಲಾಸಿಗೇ ಶಾಲೆ ಬಿಡಿಸಿದ್ದು, ಆ ನೋವು ಆಕೆಗೆ ಕೊನೆಯವರೆಗೂ ಆರದಿದ್ದದ್ದು ಎಲ್ಲ ಹೊರಬಂತು. ರತ್ನಾಕರ ರಾಶಿಬಿದ್ದ ತಟ್ಟೆಗಳನ್ನು ನೋಡುತ್ತ ಕೂತರು.

"ಒಂದೊಂದು ಮಗುವಿಗೆ ಎರಡೆರಡು ತಟ್ಟೆ ಉಂಟು," ಎಂದರು ಮೆಲ್ಲನೆ. "ಲೆಕ್ಕ ಕಲಿಸುವವರನ್ನು ಮಾತ್ರ ಹೋಗ್ಲಿಕ್ಕೆ ಬಿಡ್ತಿದ್ದೇವೆ. ಎಂತ ದಾನ ಮಾಡಿದ್ದು ನಾವು?"

ಆಮೇಲೆ ನಡೆದದ್ದು ನಿಜವಾದ ಜಗಳ. ಪ್ರಿಯಾಳ ಸಂಬಳದ ಹೆಚ್ಚಿನ ಪಾಲು ತಾನೇ ಕೊಡುವುದು ಎಂದು ಇಬ್ಬರೂ ಹಟ ಹಿಡಿದರು. ಕೊನೆಗೆ ಹರ್ಷಿಣಿ ಮಧ್ಯೆ ಬಾಯಿ ಹಾಕಿ, ಸಮಸಮ ಹಾಕಿ, ಮೂರು ವರ್ಷಕ್ಕೆ, ಒಕ್ಕೂಟದ ಮೂಲಕ, ಎಂದು ತೀರ್ಪು ಕೊಟ್ಟಳು. ಅಪ್ಪ ಮೊದಲ ಸಲ ಅವಳ ಮಾತಿಗೆ ಎದುರಾಡದೆ ತಲೆಯಾಡಿಸಿದರು. ಪ್ರಿಯಾ ಅಲ್ಲೇ ನಿಂತು ಪುಣೆಗೆ ಫೋನು ಮಾಡಿ, ಬರುವುದಿಲ್ಲ ಎಂದಳು. ಹುಡುಗಿಯರ ಕೂಗಿಗೆ ಆ ಕಡೆಯವರಿಗೆ ಏನು ಕೇಳಿಸಿತೋ.

ಹೊರಡುವಾಗ ರತ್ನಾಕರ ಮಗಳ ಹತ್ತಿರ ಸರಿದು, ಸಂಕೋಚದಿಂದ, ಅಲ್ಲಾ, ಅಮ್ಮನ ಹೆಸರು ಎಲ್ಲಿಯೂ ಬರುವುದಿಲ್ಲವಾ ಎಂದು ಪಿಸುಗುಟ್ಟಿದರು. ಮಲ್ಲಮ್ಮನಿಂದ ಅಷ್ಟಿಷ್ಟು ಕನ್ನಡ ಕಲಿತಿದ್ದ ಪ್ರಿಯಾಳ ಕಿವಿಗೂ ಅದು ಬಿತ್ತು. ಅವಳು ಕರಿಹಲಗೆಯ ಹತ್ತಿರ ಹೋಗಿ ಮರಾಠಿಯಲ್ಲಿ ಒಂದು ಲೆಕ್ಕ ಬರೆದಳು. ವಾರಿಜಾಕ್ಷಿ ನಾಸಿಕ್ ರೋಡಿನಲ್ಲಿ ರೈಲು ಹತ್ತಿದರು. ಸಂಗಮನಾಥ ಸಂಭಾಜಿನಗರದಲ್ಲಿ ಹತ್ತಿದರು. ಕೆಳಗೆ ಹೊರಟ ಹೊತ್ತು, ದೂರ, ವೇಗ ಎಲ್ಲ ಬರೆದು ಕೇಳಿದಳು: ಇಬ್ಬರೂ ಯಾವ ಊರಿನಲ್ಲಿ ಎದುರಾಗುತ್ತಾರೆ?

ಹುಡುಗಿಯರು ಕಾಗದದ ಮೇಲೆ ಬಗ್ಗಿದರು. ವಾರಿಜಾಕ್ಷಿ ಇಲ್ಲಿಗೆ ಬಂದರು, ಸಂಗಮನಾಥ ಅಲ್ಲಿಗೆ ಬಂದರು ಎಂದು ಕೋಣೆಯ ತುಂಬ ಆ ಎರಡು ಹೆಸರುಗಳ ಗುಜುಗುಜು. ವಿಶ್ವನಾಥಪ್ಪ ಬೆರಳು ಎಣಿಸುತ್ತಿದ್ದರು. ಹಿಂದಿನ ಸಾಲಿನ ಒಬ್ಬಳು ಎದ್ದು ನಿಂತು, "ಮನ್ಮಾಡ್," ಎಂದಳು.

ರತ್ನಾಕರ ಚಪ್ಪಲಿ ಬಿಟ್ಟು ಮತ್ತೆ ಒಳಗೆ ಬಂದು ಹುಡುಗಿಯರ ಸಾಲಿನಲ್ಲಿ ಕೂತರು.

"ಟೀಚರ್, ಅಮ್ಮನನ್ನು ಅಲ್ಲೇ ಇಳಿಸಬೇಡಿ," ಎಂದರು. "ಇನ್ನೊಂದು ಲೆಕ್ಕ ಕೊಡಿ."