ಹೆಬ್ಬೆಟ್ಟು ಒತ್ತದ ಕಾಗದ

ಕಳೆದ ಭಾನುವಾರ ಬೆಳಿಗ್ಗೆಯೇ ಅವಳ ಮೈ ಬಿಸಿ ಇತ್ತೇ, ಅಥವಾ ತಾನು ಗಾಯ ಮುಟ್ಟಿದ ಮೇಲೆ ಏರಿತೇ? ಇತ್ತು, ಹಣೆ ಸುಡುತ್ತಿತ್ತು. ಇಲ್ಲ, ಅದು ವಾರ್ಡಿನ ಸೆಖೆಯೂ ಇರಬಹುದು. ಅವ್ವಣ್ಣ ಬಲಗೈ ಮುಷ್ಟಿ ಬಿಗಿಹಿಡಿದು ಹೆಂಡತಿಯ ಮಂಚದ ಬಳಿ ನಿಂತಿದ್ದ. ಉಗುರಿನ ಸಂದಿಯಲ್ಲಿ ಜೇಜುರಿ ಖಂಡೋಬನ ಗುಡಿಯಿಂದ ತಂದ ಭಂಡಾರದ ಅರಿಷಿಣ ಇನ್ನೂ ಹೋಗಿರಲಿಲ್ಲ.

ಕೂಲಿಗೆಂದು ಮರಾಠಿ ಸೀಮೆಗೆ ಬಂದು, ಧನಕವಡಿಯಲ್ಲಿ ಕಟ್ಟುತ್ತಿದ್ದ ಮನೆಯ ಮೆಟ್ಟಿಲಿನಿಂದ ಬಿದ್ದು ಸಕ್ಕುಬಾಯಿ ಕಾಲು ಮುರಿದುಕೊಂಡಿದ್ದಳು. ಇದೇ ಆಸ್ಪತ್ರೆಯಲ್ಲಿ ರಾಡು ಹಾಕಿದರು. ಎಂಟನೆಯ ದಿನಕ್ಕೆ ಗಾಯ ಕೀವಾಯಿತು. ಎರಡು ಬಗೆಯ ಇಂಜೆಕ್ಷನ್ನಿಗೂ ಜಗ್ಗಲಿಲ್ಲ.

ಮೈಸೂರು ಕಡೆಯ ಎಳೆಯ ಡಾಕ್ಟರ್ ರಘುರಾಮ ಲ್ಯಾಬಿನ ಚೀಟಿ ಹಿಡಿದು ಬಂದ.

"ಈ ಕ್ರಿಮಿಗೆ ಮಾಮೂಲಿ ಔಷಧಿ ಯಾವುದೂ ನಾಟ್ತಿಲ್ಲ. ಒಂದೇ ಒಂದು ಉಳಿದಿದೆ, ಹದಿನಾಲ್ಕು ದಿನ ಡ್ರಿಪ್‌ನಲ್ಲೇ ಕೊಡ್ಬೇಕು. ದೊಡ್ಡ ಡಾಕ್ಟರ್ರು ಅಷ್ಟು ದಿನ ಮಂಚ ಕೊಡೋಕಾಗಲ್ಲ, ಮನೆಗೆ ಕರ್ಕೊಂಡು ಹೋಗ್ಲಿ ಅಂತಾರೆ." ಒಂದು ಕಾಗದ ಚಾಚಿದ. "ನಿಮ್ಮಿಷ್ಟದಿಂದ ಹೋಗ್ತಿದೀರಿ ಅಂತ. ಹೆಬ್ಬೆಟ್ಟು ಒತ್ತಿ."

"ತಗಡಿನ ಶೆಡ್ಡಿನ್ಯಾಗ ಡ್ರಿಪ್ ಯಾರು ಹಾಕ್ತಾರ್ರೀ? ಸಿಮೆಂಟ್ ಕಲಸಾವ್ರಾ?"

ರಘುರಾಮ ದನಿ ತಗ್ಗಿಸಿದ. "ಗಾಯಕ್ಕೆ ನೀವೇನಾದ್ರೂ ಹಚ್ಚಿದ್ರಾ?"

ಅವ್ವಣ್ಣನ ಮುಷ್ಟಿ ಇನ್ನಷ್ಟು ಬಿಗಿಯಾಯಿತು. ಎಡಗೈಯಿಂದ ಆಚೆಯ ಮಂಚಗಳನ್ನು ತೋರಿಸಿದ.

"ಆ ಮುದುಕಿಗೂ, ಖಿಡಕಿ ಬಾಜೂ ಹುಡುಗಿಗೂ ಇದೇ ಕ್ರಿಮಿ ಅಂತ ನಿನ್ನೆ ನೀವೇ ಅಂದ್ರಿ. ಅವ್ರಿಗೂ ನಾನೇ ಹಚ್ಚೇನೇನ್ರೀ?"

ರಘುರಾಮ ಚೀಟಿಯನ್ನು ಮಡಚಿದ, ಮತ್ತೆ ಬಿಚ್ಚಿದ.

"ಕಾಲು ಮುರಕೊಂಡು ಬಂದಾಳ್ರಿ. ಕೀವು ಕಟ್ಟಿಕೊಂಡು ಬಂದಿಲ್ಲ. ಇಲ್ಲಿದು ಇಲ್ಲೇ ತೆಗೀರಿ. ನಾ ಒತ್ತಂಗಿಲ್ಲ."

"ಒತ್ತಬ್ಯಾಡ," ಸಕ್ಕುಬಾಯಿ ಕಣ್ಣು ಮುಚ್ಚಿಕೊಂಡೇ ಅಂದಳು. "ನಾ ಹೋದ್ರ ನಡಕೋತ ಹೋಗಾಕಿ."

ಕಾಗದ ಖಾಲಿಯಾಗಿಯೇ ಮರಳಿತು. ದೊಡ್ಡ ಡಾಕ್ಟರು ಬಂದು ಮರಾಠಿಯಲ್ಲಿ ಗದರಿದರು. ಅವ್ವಣ್ಣ ಮಂಚದ ಕಂಬಿ ಬಿಡಲಿಲ್ಲ. ಸಂಜೆ ಡ್ರಿಪ್ ಏರಿತು.

ಡ್ರಿಪ್ಪಿನ ಹನ್ನೊಂದನೆಯ ದಿನ ಜ್ವರ ಬಿಟ್ಟಿತು. ಕಿಟಕಿ ಪಕ್ಕದ ಮಂಚ ಅಷ್ಟರೊಳಗೆ ತೆರವಾಗಿತ್ತು. ಆ ಹುಡುಗಿಯ ಅಪ್ಪ ಹೆಬ್ಬೆಟ್ಟು ಒತ್ತಿದ್ದ. ಹದಿನಾಲ್ಕು ದಿನ ಮುಗಿದ ಮೇಲೆ ಸಕ್ಕುಬಾಯಿ ಕೋಲು ಊರಿಕೊಂಡು, ಕುಂಟುತ್ತ, ನಡೆದೇ ಗೇಟು ದಾಟಿದಳು.

ಆ ಭಾನುವಾರ ಪಟ್ಟಿಯ ಅಂಚು ಎತ್ತಿ ಗಾಯಕ್ಕೆ ಚಿಟಿಕೆ ಭಂಡಾರ ಹಚ್ಚಿದ್ದನ್ನು ಅವ್ವಣ್ಣ ರಘುರಾಮನಿಗೆ ಹೇಳಲಿಲ್ಲ. ಸಕ್ಕುಬಾಯಿಗೂ ಎಂದೂ ಹೇಳಲಿಲ್ಲ.